ಜೀಪಿನ ಹಿಂದೆ ಕಣ್ಣಾಸ್ಪತ್ರೆ

ಒಂಟಿ ಗಾಡಿಗೇ ಮದರಾಸಿನಲ್ಲಿ ನೂರೆಂಟು ವಿಘ್ನ. ಬಾಲ ಕಟ್ಟಿಕೊಂಡು ಹೋಗುವ ಗಾಡಿಯ ಪಾಡು ಕೇಳಬೇಕೆ? ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಒಂದು ಧರ್ಮಾಸ್ಪತ್ರೆಯ ಫೋರ್‌ವೀಲ್ ಜೀಪಿನ ಡ್ರೈವರ್. ಜೀಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಿದ್ದದ್ದು ಒಂದು ಕಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಅದರೊಳಗೆ ಕಣ್ಣಾಸ್ಪತ್ರೆ. ಹಳ್ಳಿ ಹಳ್ಳಿಗೆ ಹೋಗಿ ಕ್ಯಾಂಪ್ ಮಾಡುತ್ತಿದ್ದೆವು. ಹೋದಲ್ಲೆಲ್ಲ ಏನಾದರೊಂದು ತಮಾಷೆ ನಮಗಾಗಿ ಕಾದಿರುತ್ತಿತ್ತು.

ಬಾಡಿಗೆ ಮನೆ

ತ್ರಿಪ್ಲಿಕೇನಿನ ಮೆಸ್ಸಿನ ಮುಂದೆ ಗಾಡಿ ನಿಲ್ಲಿಸಿದ್ದೆ. ಮನೆ ಹುಡುಕುತ್ತಿದ್ದ ಮಾಮಾ ಒಬ್ಬರು ಕಾರವಾನಿಗೆ ಪ್ರದಕ್ಷಿಣೆ ಹಾಕಿ ಬಂದರು.

"ನೀರು ಬರುತ್ತೇನಪ್ಪಾ?"

"ಟ್ಯಾಂಕೇ ಇದೆ ಮಾಮಾ."

ಮದರಾಸಿನಲ್ಲಿ ನೀರಿರುವ ಮನೆ! ಅವರ ಮುಖ ಅರಳಿತು. "ಓನರ್ ಎಲ್ಲಿರ್ತಾರೆ?"

"ಮುಂದೆ, ಜೀಪಲ್ಲಿ. ಇದು ಹೋದಲ್ಲೆಲ್ಲ ಅವರೂ ಬರ್ತಾರೆ."

"ಅಯ್ಯಯ್ಯೋ, ವೇಂಡಾಂಪಾ!" ಬೇಡಪ್ಪಾ ಬೇಡ ಎಂದು ಮಾಮಾ ಹಿಂತಿರುಗಿ ನೋಡದೆ ನಡೆದರು.

ಮುಂದಕ್ಕೆ ಬಂದವರು

ಕಾರವಾನಿನ ಹಿಂಭಾಗದಲ್ಲಿ ಭಾರ ಹೆಚ್ಚಾದರೆ ಅದು ಓಲಾಡುತ್ತದೆ. ನಮ್ಮ ದಪ್ಪ ಕಂಪೌಂಡರು ಕೂರುತ್ತಿದ್ದದ್ದು ಅಲ್ಲೇ, ತುತ್ತತುದಿಯ ಬೆಂಚಿನಲ್ಲಿ. ಎಗ್ಮೋರಿನ ಹತ್ತಿರ ಅದು ಓಲಾಡಿ ದೀಪದ ಕಂಬಕ್ಕೆ ಮೈ ಉಜ್ಜಿತು. ಜೀಪಿನಲ್ಲಿ ನನ್ನ ಪಕ್ಕ ಕೂತಿದ್ದ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಕೆಂಡವಾದರು. "ಇನ್ನೊಂದು ಸಲ ಇದಕ್ಕೆ ಏಟು ಬಿತ್ತೋ, ಶೆಡ್ಡಿಗೆ ತಳ್ಳಿಸ್ತೀನಿ. ಕ್ಯಾಂಪೂ ಬೇಡ, ಏನೂ ಬೇಡ!"

ಕಂಪೌಂಡರನ್ನು ಅಂದೇ ಜೀಪಿನ ಸೀಟಿಗೆ ತಂದು ಕೂರಿಸಿದರು. ಅವರು ಮನೆಗೆ ಹೋಗಿ ಹೆಂಡತಿಗೆ ಹೇಳಿದರಂತೆ: "ಸಾಹೇಬ್ರು ನನ್ನನ್ನ ಮುಂದಕ್ಕೆ ತಂದ್ರು ಕಣೇ!"

ಇಲ್ಲೇ, ಇಲ್ಲೇ!

ಶೋಳಿಂಗನಲ್ಲೂರಿನ ಕಡೆ ಆಗ ಬರೀ ಮರಳು, ತಾಳೆಮರ. ನಾಲ್ಕು ಚಕ್ರಕ್ಕೂ ಬಲ ಕೊಟ್ಟು ಮರಳು ದಾಟಿದೆವು. ಕಷ್ಟ ಇದ್ದದ್ದು ರಿವರ್ಸಿನಲ್ಲಿ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಕಾರವಾನ್ ಬಲಕ್ಕೆ ಹೋಗುತ್ತದೆ. ಯಾರನ್ನೂ ನಂಬದ ಡಾಕ್ಟರು ದಾರಿ ತೋರಿಸಲು ತಾವೇ ಹಿಂದೆ ನಿಂತರು. ಅವರು ಮೈಸೂರಿನವರು. ನಾನೂ ಕನ್ನಡದವನೇ, ಆದರೆ ಸ್ಟೀರಿಂಗ್ ಹಿಡಿದರೆ ಬಾಯಿಗೆ ಬರುವುದು ತಮಿಳು.

"ಸಾರ್, ಪಿನ್ನಾಡಿ ಮರಂ ಇರುಕ್ಕಾ?" ಹಿಂದೆ ಮರ ಇದೆಯಾ ಎಂದು ಕೂಗಿದೆ.

"ಇಲ್ಲೇ! ಇಲ್ಲೇ!"

ತಮಿಳಿನಲ್ಲಿ 'ಇಲ್ಲೆ' ಅಂದರೆ ಇಲ್ಲ. ಧೈರ್ಯವಾಗಿ ಹಿಂದಕ್ಕೆ ಬಿಟ್ಟೆ. ಢಮಾರ್!

"ಇಲ್ಲೇ ಇದೆ ಅಂತ ಬಡ್ಕೋತಾ ಇದೀನಲ್ಲಯ್ಯಾ, ಕನ್ನಡ ಬರಲ್ವಾ ನಿಂಗೆ?"

"ತಮಿಳಲ್ಲಿ ಕೇಳಿದ್ನಲ್ಲ ಸಾರ್, ಉತ್ತರಾನೂ ತಮಿಳೇ ಅಂದ್ಕೊಂಡೆ."

ಕಾರವಾನಿನ ಬೆನ್ನು ನಗ್ಗಿತ್ತು. ಬೆಳಗಿನಿಂದ ಕಾದು ಕೂತಿದ್ದ ಮುದುಕಿಯರು ಹಣೆಗೆ ಕೈ ಅಡ್ಡ ಹಿಡಿದು ಸದ್ದು ಬಂದ ಕಡೆ ನೋಡುತ್ತಿದ್ದರು. ಶೆಡ್ಡಿನ ಮಾತು ನೆನಪಾಗಿ ನಾನು ಕೇಳಿದೆ:

"ಹಾಗಾದ್ರೆ ಕ್ಯಾಂಪ್ ನಿಂತ್ಹೋಯ್ತಾ ಸಾರ್?"

ಡಾಕ್ಟರು ಮರ ನೋಡಿದರು, ಮುದುಕಿಯರನ್ನು ನೋಡಿದರು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು.

"ಕ್ಯಾಂಪ್ ನಿಲ್ಲೋದಿಲ್ಲ ಕಣಯ್ಯಾ. ಇನ್ಮೇಲೆ ಕಾರವಾನ್ ಹಿಂದೆ ನಾನು ನಿಲ್ಲೋದಿಲ್ಲ, ಅಷ್ಟೆ!"