ಡಿಕ್ಕಿಯೊಳಗಿನ ಬ್ಯಾಟರಿಯ ಭದ್ರತಾ ಉಪಸಮಿತಿ

ಜಯನಗರ ಏಳನೇ ಬ್ಲಾಕಿನ ನಮ್ಮ ಶ್ರೀಗಂಧ ಎನ್‌ಕ್ಲೇವ್ ಅಪಾರ್ಟ್‌ಮೆಂಟಿನಲ್ಲಿ ಇಂದಿನವರೆಗೆ ಯಾವ ಕಾರಿನ ಬ್ಯಾಟರಿಯೂ ಡಿಕ್ಕಿಯಿಂದ ಹಾರಿ ಬಂದು ಯಾರ ಮೇಲೂ ಬಿದ್ದಿಲ್ಲ. ಈ ಸಾಧನೆ ತಾನಾಗಿ ಆದದ್ದಲ್ಲ. ಇದರ ಹಿಂದೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಅವಿರತ ಶ್ರಮವಿದೆ. ಸಂಘದ ಗೌರವ ಕಾರ್ಯದರ್ಶಿಯಾದ ನಾನೇ ಇದನ್ನು ಹೇಳಬೇಕಾಗಿ ಬಂದದ್ದು ಸಂಕೋಚದ ವಿಷಯ. ಆದರೆ ಬೇರೆ ಯಾರೂ ಹೇಳುವ ಹಾಗೆ ಕಾಣಲಿಲ್ಲ.

ಎರಡನೇ ಮಹಡಿಯ ಕೃಷ್ಣಮೂರ್ತಿಯವರನ್ನು ಎಲ್ಲರೂ ಕಿಟ್ಟಿ ಸಾರ್ ಎಂದೇ ಕರೆಯುವುದು. ಗಡಿಯಾರದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅವರ ಬಳಿ ಅಪ್ಪನ ಕಾಲದ ಒಂದು ಪುಟ್ಟ ಇಂಗ್ಲಿಷ್ ಕಾರಿದೆ. ಮುಂದೆ ಎಂಜಿನ್ ಪಕ್ಕ ಜಾಗ ಸಾಲದೆ, ಅದನ್ನು ಮಾಡಿದವರು ಬ್ಯಾಟರಿಯನ್ನು ಹಿಂದೆ ಡಿಕ್ಕಿಯಲ್ಲಿ ಕೂರಿಸಿದ್ದಾರೆ. ಕಿಟ್ಟಿಯವರ ಪತ್ನಿ ಸರಸ್ವತಿಯವರು ಮದುವೆಯಾಗಿ ಛತ್ರದಿಂದ ಗಂಡನ ಮನೆಗೆ ಬಂದದ್ದು ಇದೇ ಕಾರಿನಲ್ಲಿ. ಈಗ ಮೊಮ್ಮಗಳು ಸಂಹಿತಾಳ ಮದುವೆ ನಿಶ್ಚಯವಾಗಿತ್ತು. "ತಾತ, ಛತ್ರಕ್ಕೆ ನಾನು ನಿಮ್ ಕಾರಲ್ಲೇ ಬರೋದು. ಇಲ್ದಿದ್ರೆ ನಡ್ಕೊಂಡ್ ಬರ್ತೀನಿ" ಎಂದು ಅವಳು ಹೇಳಿಬಿಟ್ಟಿದ್ದಳು. ತಾತ ಆ ಮಾತಿನಲ್ಲೇ ತೇಲುತ್ತಿದ್ದರು.

ಅಷ್ಟರಲ್ಲಿ ತಿಲಕ್ ನಗರದ ಒಂದು ರಸ್ತೆ ಹಂಪಿನ ಮೇಲೆ ಅನಾಹುತವಾಯಿತು. ಕಾರು ಎಗರಿತು, ಬ್ಯಾಟರಿ ಜಾರಿತು, ಪಕ್ಕದಲ್ಲಿದ್ದ ಕೊಡುಬಳೆಯ ಸ್ಟೀಲ್ ಡಬ್ಬಿ ವಾಲಿ ಬ್ಯಾಟರಿಯ ಎರಡೂ ಟರ್ಮಿನಲ್‌ಗಳ ಮೇಲೆ ಬಿತ್ತು. ಭರ್ರನೆ ಕಿಡಿ ಹಾರಿತು. ಜೀವಹಾನಿ ಆಗಲಿಲ್ಲ, ಡಬ್ಬಿಗೆ ತೂತಾಯಿತು.

ಮದುಮಗಳು ಕೂರುವ ಕಾರಿನಲ್ಲಿ ಇಂಥದ್ದು ಆಗಬಾರದೆಂದು ಕಿಟ್ಟಿಯವರು ಮರುದಿನವೇ ಕೆಲಸಕ್ಕಿಳಿದರು. ಬ್ಯಾಟರಿ ಕೂರಲು ಅಳತೆಗೆ ಸರಿಯಾದ ಮರದ ತಟ್ಟೆ, ಅಲುಗದಂತೆ ಬಿಗಿಯಲು ಬೆಲ್ಟು, ಟರ್ಮಿನಲ್‌ಗಳಿಗೆ ರಬ್ಬರ್ ಟೋಪಿ, ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳ, ಎಲ್ಲ ಸಿದ್ಧವಾಯಿತು. ತಟ್ಟೆಯನ್ನು ಬೋಲ್ಟ್ ಹಾಕಿ ಕೂರಿಸಲು ಡಿಕ್ಕಿಯ ತಳಕ್ಕೆ ನಾಲ್ಕು ತೂತು ಕೊರೆಯುವುದೊಂದೇ ಬಾಕಿ. ಹೇಳದೆ ಕೇಳದೆ ಕೊರೆದುಬಿಟ್ಟಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಿಟ್ಟಿಯವರು ಮರ್ಯಾದಸ್ಥರು. ಪಾರ್ಕಿಂಗಿನಲ್ಲಿ ಡ್ರಿಲ್ ಬಳಸಲು ಸಂಘದ ಅನುಮತಿ ಕೇಳಿದರು. ಇಂಥವರಿಂದಲೇ ಸಂಘಗಳು ಬದುಕಿರುವುದು.

ಡ್ರಿಲ್ ಯಾಕೆ ಎಂದು ಕೇಳಿದೆವು. ಬ್ಯಾಟರಿಗೆ ಎಂದರು. ಬ್ಯಾಟರಿ ಡಿಕ್ಕಿಯಲ್ಲಿದೆ ಎಂದು ತಿಳಿದ ಕ್ಷಣವೇ ಸಂಘ ಎಚ್ಚೆತ್ತುಕೊಂಡಿತು. ಅಂದು ಸಂಜೆಯೇ ಉಪಸಮಿತಿ ರಚನೆಯಾಯಿತು. ಸಂಘದ ಅಧ್ಯಕ್ಷರೂ ನಿವೃತ್ತ ಬ್ಯಾಂಕ್ ಮ್ಯಾನೇಜರರೂ ಆದ ಸಂಜೀವಯ್ಯನವರು, ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ರುದ್ರಮ್ಮನವರು ಮತ್ತು ನಾನು.

ಮೊದಲ ಸ್ಥಳ ಪರಿಶೀಲನೆ ಭಾನುವಾರ ಬೆಳಗ್ಗೆ ನಡೆಯಿತು. ಸರಸ್ವತಿಯವರು ಕಾಫಿ, ಕೊಡುಬಳೆ ಕೊಟ್ಟರು. ಕೊಡುಬಳೆ ಎಷ್ಟು ಹದವಾಗಿತ್ತೆಂದರೆ, ವಿಷಯ ಮೇಲ್ನೋಟಕ್ಕೆ ಕಂಡಷ್ಟು ಸರಳವಲ್ಲ, ಇನ್ನೂ ಹಲವು ಪರಿಶೀಲನೆಗಳು ಅಗತ್ಯ ಎಂಬ ತೀರ್ಮಾನಕ್ಕೆ ನಾವು ಮೂವರೂ ಒಮ್ಮತದಿಂದ ಬಂದೆವು.

ಎರಡನೇ ಪರಿಶೀಲನೆಯಲ್ಲಿ ಸಂಜೀವಯ್ಯನವರು ಕಿಟ್ಟಿಯವರ ಮುಚ್ಚಳವನ್ನು ಬೆರಳಿನಿಂದ ಕುಟ್ಟಿ ನೋಡಿ ತಲೆ ಅಲ್ಲಾಡಿಸಿದರು.

"ಇದನ್ನ ಯಾರ್ ಬೇಕಾದ್ರೂ ತೆಗೀಬಹುದಲ್ಲ ಸಾರ್?"

"ತೆಗೀಬೇಕಲ್ವಾ ಸಾರ್? ಆಗಾಗ ನೀರು ನೋಡ್ಬೇಕು."

"ಇದರ ಮೇಲೆ ಇನ್ನೊಂದು ಕಬ್ಬಿಣದ ಪೆಟ್ಟಿಗೆ ಬರ್ಲಿ. ಎರಡು ಬೀಗ. ಒಂದು ಕೀ ನನ್ನ ಹತ್ರ, ಒಂದು ಕಾರ್ಯದರ್ಶಿಗಳ ಹತ್ರ. ಇಬ್ರೂ ಇದ್ರೇನೇ ಓಪನ್."

"ಒಳಗಿರೋದು ಬ್ಯಾಟರಿ ಸಾರ್, ಚಿನ್ನ ಅಲ್ಲ."

"ಲಾಕರ್ ಒಳಗೇನಿದೆ ಅಂತ ಬ್ಯಾಂಕು ಯಾವತ್ತೂ ಕೇಳಲ್ಲ ಕಿಟ್ಟಿ ಸಾರ್" ಎಂದು ಸಂಜೀವಯ್ಯನವರು ಸೌಮ್ಯವಾಗಿ ಹೇಳಿದರು.

ಪೆಟ್ಟಿಗೆ ಮಾಡುವ ಗುತ್ತಿಗೆ ಅವರ ಭಾಮೈದನಿಗೆ ಸಿಕ್ಕಿತು. ಟೆಂಡರನ್ನು ಕಾನೂನುಬದ್ಧವಾಗಿಯೇ ಕರೆಯಲಾಗಿತ್ತು. ಭಾಮೈದನ ನಡುಮನೆಯಲ್ಲಿ ಕರೆದದ್ದರಿಂದ ಉಳಿದವರಿಗೆ ಕೇಳಿಸಿರಲಿಕ್ಕಿಲ್ಲ. ಹಣ ಕೊಟ್ಟವರು ಕಿಟ್ಟಿ.

ಆಮೇಲೆ ರುದ್ರಮ್ಮನವರ ಸರದಿ. ಅವರು ಡಿಕ್ಕಿಯ ಬಾಗಿಲಿಗೆ ತಲೆಬುರುಡೆಯ ಚಿತ್ರವಿರುವ 'ಅಪಾಯ' ಫಲಕ ತೂಗುಹಾಕಲು ಸೂಚಿಸಿದರು.

"ಮೇಡಂ, ಇದು ಹನ್ನೆರಡೇ ವೋಲ್ಟು" ಎಂದರು ಕಿಟ್ಟಿ.

"ಇವತ್ತು ಹನ್ನೆರಡು. ನಾಳೆಗೆ ಯಾರು ಗ್ಯಾರಂಟಿ ಕೊಡ್ತಾರೆ?" ಎಂದು ರುದ್ರಮ್ಮನವರು ಕೊಡುಬಳೆ ಮುರಿದರು. "ನೋಡಿ, ನನ್ನ ಸರ್ವೀಸಲ್ಲಿ ಕರೆಂಟ್ ಆಫ್ ಇದ್ದಾಗ ಒಂದೇ ಒಂದು ಶಾಕ್ ಆಗಿಲ್ಲ. ಅದಕ್ಕೇ ನಾವು ಅಷ್ಟು ಸಲ ಆಫ್ ಮಾಡ್ತಿದ್ದಿದ್ದು. ಪೆಟ್ಟಿಗೆ ಮುಚ್ಚಿರೋವಾಗ ಬ್ಯಾಟರಿ ವೈರ್ ಬಿಚ್ಚಿರ್ಬೇಕು."

ಮದುವೆಗೆ ವಾರವಿದೆ ಎನ್ನುವಾಗ ಸೂಚನಾ ಫಲಕದಲ್ಲಿ ಕೆಳಗಿನ ಪ್ರಕಟಣೆ ಹೊರಬಿತ್ತು. ಕರಡು ನನ್ನದೇ.

"ಸಮಸ್ತ ನಿವಾಸಿಗಳ ಗಮನಕ್ಕೆ. ಡಿಕ್ಕಿಸ್ಥಿತ ಬ್ಯಾಟರಿಯ ಪೆಟ್ಟಿಗೆ ಮುಚ್ಚಿರುವಾಗ ಅದರ ವೈರುಗಳನ್ನು ಕಡ್ಡಾಯವಾಗಿ ಕಳಚಿರತಕ್ಕದ್ದು. ಪೆಟ್ಟಿಗೆ ತೆರೆದಿರುವಾಗ ಕಾರನ್ನು ಯಾವುದೇ ಕಾರಣಕ್ಕೂ ಓಡಿಸತಕ್ಕದ್ದಲ್ಲ. ತಪ್ಪಿದಲ್ಲಿ ಗೇಟು ತೆರೆಯಲಾಗುವುದಿಲ್ಲ."

ಕಿಟ್ಟಿಯವರು ಕನ್ನಡಕ ಒರೆಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. "ಹಾಗಾದ್ರೆ ಕಾರು ಓಡ್ಸೋದು ಯಾವಾಗ ಸಾರ್?"

ಸಂಜೀವಯ್ಯನವರು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮದು ಬ್ಯಾಟರಿ ಉಪಸಮಿತಿ. ಓಡಿಸೋದು ನಮ್ಮ ವ್ಯಾಪ್ತಿಗೆ ಬರಲ್ಲ. ಅದಕ್ಕೆ ಬೇರೆ ಸಮಿತಿ ಆಗ್ಬೇಕು. ಮುಂದಿನ ವಾರ್ಷಿಕ ಸಭೇಲಿ ವಿಷಯ ತನ್ನಿ."

"ಶನಿವಾರ ಮೊಮ್ಮಗಳ ವರಪೂಜೆ, ಭಾನುವಾರ ಮದುವೆ ಸಾರ್!"

"ಗೊತ್ತು. ಆಹ್ವಾನ ಬಂದಿದೆ. ಸಂತೋಷ."

ಕಿಟ್ಟಿಯವರ ಮುಖ ಬಾಡಿಹೋಯಿತು. ಹೋಗಿ ಆ ಕಾರಿನ ಸ್ಟಿಯರಿಂಗ್ ಹಿಡಿದು ಕೂತರು. ನನಗೂ ಪಾಪ ಎನ್ನಿಸಿತು. ಆದರೆ ಪ್ರಕಟಣೆಗೆ ಆಗಲೇ ಸೀಲು ಬಿದ್ದಿತ್ತು.

ಸರಸ್ವತಿಯವರು ಸೀಲಿಗೆ ಹೆದರುವ ಹೆಂಗಸಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಸಭೆಗೇ ಬಂದರು.

"ಸಂಜೀವಯ್ಯನವರೇ, ಒಂದ್ ಮಾತು. ನಮ್ಮ ಹುಡುಗಿ ಆ ಕಾರಲ್ಲಿ ಛತ್ರಕ್ಕೆ ಬರ್ಲಿಲ್ಲ ಅಂದ್ರೆ, ನಿಮ್ಮ ಮೂರು ಜನಕ್ಕೂ ಮೊದಲನೇ ಪಂಕ್ತಿಲಿ ಎಲೆ ಇಲ್ಲ. ಕೊನೇ ಪಂಕ್ತಿ. ಹೋಳಿಗೆ ಅಲ್ಲೀವರೆಗೂ ಉಳಿಯತ್ತೋ ಇಲ್ವೋ ನಾನ್ ಹೇಳಕ್ಕಾಗಲ್ಲ."

ಸಂಘದ ಇತಿಹಾಸದಲ್ಲಿ ಇಷ್ಟು ಗಂಭೀರ ಬಿಕ್ಕಟ್ಟು ಹಿಂದೆಂದೂ ಎದುರಾಗಿರಲಿಲ್ಲ. ನಾವು ತಕ್ಷಣ ತುರ್ತು ಅಧಿವೇಶನಕ್ಕೆ ಕುಳಿತೆವು. ನಿಯಮ ಹಿಂಪಡೆಯುವಂತಿಲ್ಲ, ಹಿಂಪಡೆದರೆ ಸಂಘಕ್ಕೆ ಮರ್ಯಾದೆ ಇಲ್ಲ. ಹೋಳಿಗೆ ಬಿಡುವಂತಿಲ್ಲ. ಕೊನೆಗೆ ತಿದ್ದುಪಡಿಯೊಂದು ಹೊರಬಂತು: "ಮಂಗಳ ಕಾರ್ಯಗಳ ಸಂದರ್ಭದಲ್ಲಿ, ವೈರು ಕಳಚಿ ಪೆಟ್ಟಿಗೆ ಬೀಗ ಹಾಕಿದ ಸ್ಥಿತಿಯಲ್ಲಿ, ಉಪಸಮಿತಿಯ ಸಮ್ಮುಖದಲ್ಲಿ, ಕಾರನ್ನು ತಳ್ಳಿಕೊಂಡು ಹೋಗಬಹುದು."

ಶನಿವಾರ ಸಂಜೆ ವರಪೂಜೆಗೆ ಕಾರು ಹೊರಟಿತು. ಮೈತುಂಬ ಮಲ್ಲಿಗೆ ಹಾರ, ಹಿಂದೆ ತಲೆಬುರುಡೆ. ಸ್ಟಿಯರಿಂಗಿನಲ್ಲಿ ಜರಿ ಪೇಟದ ಕಿಟ್ಟಿ, ಪಕ್ಕದಲ್ಲಿ ಸರಸ್ವತಿ, ಹಿಂದಿನ ಸೀಟಿನಲ್ಲಿ ಸಂಹಿತಾ. ಅವಳ ಚಿಕ್ಕಪ್ಪನ ಮಗ ಸುಶ್ರುತ ಮತ್ತು ಅವನ ಗೆಳೆಯರು ಪಂಚೆ ಎತ್ತಿ ಕಟ್ಟಿ ತಳ್ಳಿದರು. "ಸಖತ್ತಾಗಿದೆ ಮಗಾ, ಜಿಮ್ ದುಡ್ ಉಳೀತು!" ಎಂದು ಒಬ್ಬ ಕೂಗಿದ. ಉಪಸಮಿತಿಯ ಸದಸ್ಯರಾದ ನಾವು ಡಿಕ್ಕಿಯ ಮೇಲೆ ಬೆರಳ ತುದಿ ಇಟ್ಟುಕೊಂಡು ನಡೆದೆವು. ಮೇಲ್ವಿಚಾರಣೆಗೆ ಅಷ್ಟು ಸಾಕು.

ಯಡಿಯೂರು ಕೆರೆ ದಾಟಿ ಬನಶಂಕರಿಯ ಕಡೆ ತಿರುಗುವವರೆಗೂ ನಮ್ಮ ಮುಂದೆ ಒಂದು ಹೊಚ್ಚಹೊಸ ದೊಡ್ಡ ಕಾರಿತ್ತು. ಛತ್ರ ಮುಟ್ಟಿದಾಗ ಅದು ನಮ್ಮ ಹಿಂದಿತ್ತು. ಶನಿವಾರ ಸಂಜೆಯ ಆ ರಸ್ತೆಯಲ್ಲಿ ಎಂಜಿನ್ ಇರುವುದಕ್ಕೂ ಇಲ್ಲದಿರುವುದಕ್ಕೂ ಯಾವ ವ್ಯತ್ಯಾಸವೂ ನಮಗೆ ಕಂಡುಬರಲಿಲ್ಲ. ಗಂಡಿನ ಕಡೆಯವರು ಬಾಗಿಲಲ್ಲೇ ಬೆರಗಾಗಿ ನಿಂತರು. "ಪಲ್ಲಕ್ಕಿ ಥರ ಕರ್ಕೊಂಡ್ ಬಂದಿದೀರಲ್ಲ! ಇದು ನಿಮ್ಮ ಮನೆತನದ ಪದ್ಧತಿಯಾ?" ಎಂದು ಬೀಗರು ಕೇಳಿದರು. "ಹೂಂ, ಹಿಂದಿನಿಂದ ಬಂದಿದ್ದು" ಎಂದರು ಸಂಜೀವಯ್ಯನವರು, ಬೆವರು ಒರೆಸಿಕೊಳ್ಳುತ್ತ.

ಮರುದಿನ ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿದ ಮೇಲೆ ನನ್ನ ಮನಸ್ಸು ಕರಗಿತ್ತು. ಹೋಳಿಗೆ ಅಂಥದ್ದು. ಅಧ್ಯಕ್ಷರ ಕೀಯನ್ನೂ ಬೇಡಿ ತೆಗೆದುಕೊಂಡು, ಎರಡನ್ನೂ ಕಿಟ್ಟಿಯವರ ಮುಂದೆ ಹಿಡಿದೆ. "ತಗೊಳ್ಳಿ ಸಾರ್. ಯಾರೂ ನೋಡ್ತಿಲ್ಲ. ವೈರ್ ಹಾಕ್ಕೊಂಡು ಆರಾಮಾಗಿ ಓಡಿಸ್ಕೊಂಡು ಹೋಗಿ."

ಕಿಟ್ಟಿಯವರು ಸುತ್ತ ನೋಡಿ, ನನ್ನನ್ನು ಕಂಬದ ಮರೆಗೆ ಕರೆದರು.

"ಬೇಡ ಸಾರ್. ಮದುವೆ ಆದಾಗಿಂದ ನಾನು ಆ ಕಾರು ಹತ್ತಿದ್ರೆ ಪಕ್ಕದಿಂದ 'ನಿಧಾನ ರೀ, ನಿಧಾನ ರೀ' ಅಂತ ಒಂದೇ ಸಮ. ನಿನ್ನೆ ಮೊದಲನೇ ಸಲ ದಾರಿ ಪೂರ್ತಿ ಏನೂ ಅನ್ಲಿಲ್ಲ. ನನ್ನ ಕೈ ಮೇಲೆ ಕೈ ಇಟ್ಕೊಂಡು ಕೂತಿದ್ಲು." ಅವರ ಕಣ್ಣು ಒದ್ದೆಯಾಗಿತ್ತು. "ಇಳಿಯೋವಾಗ 'ಇಷ್ಟು ಚೆನ್ನಾಗಿ ನೀವು ಯಾವತ್ತೂ ಓಡಿಸಿರ್ಲಿಲ್ಲ' ಅಂದ್ಲು. ಕೀ ನಿಮ್ಮ ಹತ್ರಾನೇ ಇರ್ಲಿ."

ಈಗ ನಮ್ಮ ಬ್ಲಾಕಿನಲ್ಲಿ ಮದುವೆ ಎಂದರೆ ಕಾರನ್ನು ತಳ್ಳುವುದೇ ವಾಡಿಕೆ. ಬೀಗ ಹಾಕುವ ಪೆಟ್ಟಿಗೆಗಳನ್ನು ಸಂಜೀವಯ್ಯನವರ ಭಾಮೈದನೇ ಪೂರೈಸುತ್ತಿದ್ದಾನೆ. ಕಿಟ್ಟಿಯವರು, ಮುಂದಿನ ತಿಂಗಳು ಪತ್ನಿಯ ಜೊತೆ ಹುಳಿಮಾವಿನ ನೆಂಟರ ಮನೆಗೆ ಕಾರು ತಳ್ಳಿಸಿಕೊಂಡು ಹೋಗಲು ಅನುಮತಿ ಬೇಕೆಂದು ಅರ್ಜಿ ಹಾಕಿದ್ದಾರೆ. ಹುಳಿಮಾವು ದೂರ. ವಿಷಯ ಮೇಲ್ನೋಟಕ್ಕೆ ಕಂಡಷ್ಟು ಸರಳವಲ್ಲ. ಭಾನುವಾರ ಬೆಳಗ್ಗೆ ಉಪಸಮಿತಿ ಸ್ಥಳ ಪರಿಶೀಲನೆಗೆ ತೆರಳಲಿದ್ದು, ಹಿಟ್ಟು ಕಲಸಿಡುವಂತೆ ಸರಸ್ವತಿಯವರಿಗೆ ಈಗಾಗಲೇ ಸೂಚನೆ ನೀಡಲಾಗಿದೆ.