ಬೆಟ್ಟದ ಮೇಲೊಂದು ನಿದ್ದೆ

ಕನಸು ಕಾಣುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನಿದ್ದೆ ಅಂದರೆ ನಿದ್ದೆ, ಅದರೊಳಗೂ ಊರು ಸುತ್ತುವುದು ಯಾಕೆ? ರೇಷ್ಮೆ ಹುಳು ಸಾಕುವ ಮನೆಯ ಹೆಂಗಸಿಗೆ ಕನಸು ಬೀಳುವಷ್ಟು ನಿದ್ದೆ ಸಿಗುವುದೂ ಇಲ್ಲ. ತಟ್ಟೆಗಳಿಗೆ ಸೊಪ್ಪು ಹಾಕಿ ಬಂದು ಗೋಡೆಗೆ ಒರಗಿದರೆ, ಮದುವೆ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಹಪ್ಪಳ ಮುರಿದ ಹಾಗೆ ಹುಳು ತಿನ್ನುವ ಸದ್ದು ಕೇಳುತ್ತಿರುತ್ತದೆ. ಸದ್ದು ನಿಂತಿತೆಂದರೆ ಸೊಪ್ಪು ಮುಗಿಯಿತು, ಮತ್ತೆ ಏಳಬೇಕು. ಮೇಲೂರಿಗೆ ಸೊಸೆಯಾಗಿ ಬಂದ ಮೇಲೆ ನಾನು ಮಲಗಿದ್ದೆಲ್ಲ ಹೀಗೆ ಒಂದು ಕಿವಿ ತೆರೆದುಕೊಂಡೇ.

ಹುಳು ತಾನಾಗಿ ಬಾಯಿ ಮುಚ್ಚುವುದು ಜ್ವರಕ್ಕೆ ಬಿದ್ದಾಗ. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳುಗಳು ತಲೆ ಎತ್ತಿಕೊಂಡು ಕಲ್ಲಿನ ಹಾಗೆ ನಿದ್ದೆ ಮಾಡುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಹೀಗಾಗುತ್ತದೆ. ನಾಲ್ಕನೆಯದೇ ಉದ್ದ. ತವರಿಗೆ ಹೋಗುವುದು, ಹಲ್ಲು ಕೀಳಿಸುವುದು, ಸತ್ತವರ ಮನೆಗೆ ಹೋಗಿ ಅತ್ತು ಬರುವುದು, ಎಲ್ಲವೂ ಆ ನಾಲ್ಕನೇ ಜ್ವರಕ್ಕೆ ಕಾಯುತ್ತಿದ್ದವು. ನಮ್ಮ ನಾದಿನಿಯನ್ನು ನೋಡಲು ಗಂಡಿನವರು ಬಂದ ದಿನ ಹುಳು ಸ್ವಲ್ಪ ಬೇಗ ಎದ್ದುಬಿಟ್ಟವು. ಮನೆಯವರೆಲ್ಲ ಸೊಪ್ಪಿಗೆ ಓಡಿದೆವು, ಹುಡುಗಿಯೊಬ್ಬಳೇ ಬೀಗರ ಮುಂದೆ ತಲೆ ತಗ್ಗಿಸಿಕೊಂಡು ಕೂತಿದ್ದಳು. ಅವರೂ ಜಂಗಮಕೋಟೆಯ ಹುಳು ಸಾಕುವವರೇ. ತಪ್ಪು ತಿಳಿಯದೆ ತಾವೂ ಎದ್ದು ಬಂದು ಸೊಪ್ಪು ಕತ್ತರಿಸಿದರು. ಸಂಬಂಧ ಕುದುರಿದ್ದೇ ಆ ಸೊಪ್ಪಿನಲ್ಲಿ.

ಇಂಥ ಮನೆಯಲ್ಲಿ ಕನಸು ಕಾಣುವ ಕೆಲಸವನ್ನು ನಮ್ಮ ಯಜಮಾನರು ಒಬ್ಬರೇ ವಹಿಸಿಕೊಂಡಿದ್ದರು. ನಯಾಪೈಸೆ ಬಂದ ಹೊಸದರಲ್ಲಿ ಅವರ ಸೋದರಮಾವ ಪಿಳ್ಳಪ್ಪನವರು ನಗರಗೆರೆ ಕಡೆಯಿಂದ ಬಂದು ಜಗಲಿಯ ಮೇಲೆ ಕೂತರು. ಅವರಿಗೆ ಒಂದು ಬೆಟ್ಟದ ಮಗ್ಗುಲು ಇತ್ತು. ಅದನ್ನು ಯಾರಿಗಾದರೂ ದಾಟಿಸುವ ಆಸೆಯೂ ಇತ್ತು.

"ಏಮಮ್ಮಾ, ಬೆಟ್ಟ ಅಗ್ಗಕ್ಕೆ ಸಿಗ್ತದೆ ಅಂತ ಸದರ ಮಾಡಬೇಡ. ದುಡ್ಡೇ ಬೇಡ ನಂಗೆ. ಆ ಬಾವಿ ಪಕ್ಕದ ಅಂಗೈ ಅಗಲದ ಸೊಪ್ಪಿನ ತೋಟ ಕೊಡಿ ಸಾಕು. ಕಣ್ಣು ಹಾಯೋವಷ್ಟೂ ನಿಮ್ಮದೇ" ಅಂದರು.

ಆ ಅಂಗೈ ಅಗಲದ ತೋಟ ನಮ್ಮಪ್ಪ ನನಗೆ ಅರಿಶಿನ ಕುಂಕುಮಕ್ಕೆಂದು ಈ ಊರಲ್ಲೇ ಕೊಂಡು ಕೊಟ್ಟದ್ದು. ಮನೆಯ ಅಷ್ಟೂ ಹುಳುವಿನ ಹೊಟ್ಟೆ ತುಂಬುತ್ತಿದ್ದದ್ದು ಅದರ ಹಿಪ್ಪುನೇರಳೆಯಿಂದ. ನಾನು ಸಹಿ ಹಾಕದೆ ಅದು ಯಾರ ಕೈಗೂ ಹೋಗುವಂತಿರಲಿಲ್ಲ. ಅಕ್ಷರ ಅಂತ ನನಗೆ ಆಗ ಬರುತ್ತಿದ್ದದ್ದು ನನ್ನ ಹೆಸರೊಂದೇ, ಅದನ್ನೂ ಇವರು ಕೇಳುತ್ತಿದ್ದಾರಲ್ಲ ಅನಿಸಿತು.

ಅವತ್ತಿನಿಂದ ನಮ್ಮವರು ನೆಲದ ಮೇಲೆ ನಡೆಯುವುದನ್ನು ಬಿಟ್ಟರು. ಅಂಗಳದಲ್ಲಿ ಕಡ್ಡಿ ಹಿಡಿದು ಬೆಟ್ಟ ಬರೆದರು. "ಮೆಟ್ಟಿಲು ಮೆಟ್ಟಿಲಾಗಿ ಪಾತಿ ಕಟ್ಟಣ. ಕೆಳಗಡೆ ಆಲೂಗಡ್ಡೆ, ನಡುವೆ ಹಿಪ್ಪುನೇರಳೆ, ನೆತ್ತಿ ಮೇಲೆ ಸೀತಾಫಲ."

"ನೀರು?" ಅಂದೆ.

"ಮಳೆ ಮೊದಲು ಬೀಳೋದೇ ಬೆಟ್ಟಕ್ಕೆ ಕಣೇ. ಎತ್ತರದಲ್ಲಿದೆಯಲ್ಲ."

"ಬಿದ್ದ ಮೇಲೆ ಅಲ್ಲೇ ಇರ್ತದಾ?"

ಮಾರನೆಯ ದಿನ ಬೇರೆ ಲೆಕ್ಕ ತಂದರು. ಬಯಲು ನೆಲವೆಂದರೆ ಹಾಸಿದ ಸೀರೆ, ಬೆಟ್ಟವೆಂದರೆ ನೆರಿಗೆ ಹಿಡಿದ ಸೀರೆ. ಬಿಚ್ಚಿ ಹಾಸಿದರೆ ನಮ್ಮ ಬೆಟ್ಟ ಚಿಕ್ಕಬಳ್ಳಾಪುರದವರೆಗೂ ಬರುತ್ತದೆ ಎಂದರು. ಹಾಸುವವರು ಯಾರು ಎಂದು ಕೇಳಿದೆ. ಬೆಟ್ಟದಲ್ಲಿ ಮೇಯಲಿರುವ, ಇನ್ನೂ ಹುಟ್ಟದ ಕರುಗಳಿಗೆ ಆಗಲೇ ಹೆಸರಿಟ್ಟಿದ್ದರು. ಅದರಲ್ಲಿ ಒಂದು ಹಾಯುತ್ತದೆ, ಹುಷಾರಾಗಿರು ಎಂದು ನನಗೆ ಎಚ್ಚರಿಕೆಯೂ ಆಯಿತು.

ನಮ್ಮತ್ತೆ ಹೊಸಿಲ ಮೇಲೆ ಕೂತು ಸೊಪ್ಪು ಕತ್ತರಿಸುತ್ತಿದ್ದವರು ಕಡೆಗೆ ಕತ್ತಿ ಕೆಳಗಿಟ್ಟರು. "ಸುಮ್ನೆ ಯಾಕೆ ಕಿತ್ತಾಡ್ತೀರ? ನೆಲ ತಗೊಳೋ ಮುಂಚೆ ಅದರ ಮೇಲೆ ಒಂದು ನಿದ್ದೆ ಮಾಡಬೇಕು. ಒಗ್ಗೋ ನೆಲವಾದ್ರೆ ಕನಸಲ್ಲಿ ಹಸಿರೂ ನೀರೂ ಕಾಣ್ತದೆ. ನಮ್ಮ ಮಾವನೋರು ಹಂಗೇ ಮಾಡಿದ್ದು."

"ನಾನು ಮಲಗ್ತೀನಿ" ಎಂದು ನಮ್ಮವರು ಎದ್ದೇಬಿಟ್ಟರು.

"ನೀನು ಕೂತಲ್ಲೇ ಕಾಣ್ತೀಯ. ತೋಟ ಯಾರದೋ ಅವಳು ಮಲಗಲಿ."

ನನಗೆ ಒಳಗೊಳಗೇ ಸಮಾಧಾನವಾಯಿತು. ಹುಟ್ಟಿದಾಗಿನಿಂದ ಕನಸು ಬೀಳದವಳು ಹೋಗಿ ಮಲಗಿ, ಏನೂ ಕಾಣಲಿಲ್ಲ ಎಂದು ಬಂದರೆ ತೋಟ ಉಳಿಯುತ್ತದೆ. ಸುಳ್ಳು ಹೇಳುವ ಕಷ್ಟವೂ ಇಲ್ಲ.

ಹುಳು ನಾಲ್ಕನೇ ಜ್ವರಕ್ಕೆ ಕೂತ ಬೆಳಗ್ಗೆ, ತಟ್ಟೆಗಳನ್ನು ಅತ್ತೆಗೆ ಒಪ್ಪಿಸಿ ಬಸ್ಸು ಹತ್ತಿದೆವು. ಚಿಕ್ಕಬಳ್ಳಾಪುರದಲ್ಲಿ ಒಂದು ಬಸ್ಸು, ಗೌರಿಬಿದನೂರಿನಲ್ಲಿ ಇನ್ನೊಂದು, ಅಲ್ಲಿಂದ ಪಿಳ್ಳಪ್ಪನವರ ಗಾಡಿ. ಬೆಟ್ಟದ ಬುಡದಲ್ಲಿ ಪಿಳ್ಳಪ್ಪನವರಿಗೆ ಇದ್ದಕ್ಕಿದ್ದಂತೆ ಮಂಡಿ ನೋವು ಬಂತು. "ನೀವು ಹತ್ತಿ. ಮೇಲೆ ಬಂಡೆ ಮಧ್ಯೆ ದೊಣೆ ಇದೆ, ನೀರು ಬತ್ತಿದ್ದೇ ಇಲ್ಲ" ಎಂದು ಗಾಡಿಯಲ್ಲೇ ಉಳಿದರು.

ಹತ್ತಿದೆವು. ಕಾರೆ ಮುಳ್ಳು, ಕಲ್ಲು, ಬಾಡಿದ ಹುಲ್ಲು. ಇದರಲ್ಲಿ ಆಲೂಗಡ್ಡೆ ಎಲ್ಲಿ, ಸೀತಾಫಲ ಎಲ್ಲಿ ಎಂದು ನಮ್ಮವರು ಕೈ ತೋರಿಸುತ್ತಾ ನಡೆದರು. ನೆತ್ತಿಯ ಹತ್ತಿರ ದೊಡ್ಡ ಬಂಡೆಯೊಂದು ನೆರಳು ಚೆಲ್ಲಿತ್ತು. ಅವರ ಟವೆಲನ್ನು ಮಡಿಸಿ ತಲೆಗಿಟ್ಟುಕೊಂಡು ಮಲಗಿದೆ. ಅವರು ಚೊಂಬು ಹಿಡಿದು ದೊಣೆ ಹುಡುಕಲು ಹೋದರು.

ಕೆಳಗೆ ಕೆರೆಗಳು ಒಗೆದು ಹರವಿದ ಬಟ್ಟೆಯ ಹಾಗೆ ಅಲ್ಲಲ್ಲಿ ಬೆಳ್ಳಗಿದ್ದವು. ಹೊಲಗಳು ಜೋಡಿಸಿಟ್ಟ ತಟ್ಟೆಗಳ ಹಾಗಿದ್ದವು, ಆದರೆ ಯಾವ ತಟ್ಟೆಗೂ ನಾನು ಸೊಪ್ಪು ಹಾಕಬೇಕಾಗಿರಲಿಲ್ಲ. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಯಾರೂ ಏನೂ ತಿನ್ನುವ ಸದ್ದಿರಲಿಲ್ಲ. ತೆರೆದುಕೊಂಡಿದ್ದ ಆ ಒಂದು ಕಿವಿ ಯಾವಾಗ ಮುಚ್ಚಿತೋ ತಿಳಿಯದು.

ಕನಸು ಬಿತ್ತು. ಬೆಟ್ಟವೇ ದೊಡ್ಡದೊಂದು ಹುಳುವಾಗಿ ತಲೆ ಎತ್ತಿಕೊಂಡು ಜ್ವರಕ್ಕೆ ಕೂತಿತ್ತು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ನಮ್ಮ ಬಾವಿಯ ನೀರು ಎತ್ತು ಎಳೆಯದೆ, ಕಪಿಲೆ ಸೇದದೆ, ತಾನೇ ಸದ್ದಿಲ್ಲದೆ ಬೆಟ್ಟ ಹತ್ತಿ ಬರುತ್ತಿತ್ತು. ಅದು ಮುಟ್ಟಿದ ಕಡೆಯೆಲ್ಲ ಹಿಪ್ಪುನೇರಳೆ ಚಿಗುರುತ್ತಿತ್ತು. ಆಮೇಲೆ ಹುಳು ಎಚ್ಚರವಾಗಿ ತಿರುಗಿ ನೋಡಿ, "ಇನ್ನೂ ಸ್ವಲ್ಪ ಮಲಗಮ್ಮ, ನಂಗೆ ಹಸಿವಿಲ್ಲ" ಅಂತು.

ಎದ್ದಾಗ ಹೊತ್ತು ಇಳಿದಿತ್ತು. ಮೈಯೆಲ್ಲ ಹತ್ತಿಯ ಹಾಗೆ ಹಗುರವಾಗಿತ್ತು. ಪಕ್ಕದಲ್ಲಿ ನಮ್ಮವರು ಕಾಲು ಚಾಚಿ, ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತಾ ಕೂತಿದ್ದರು. ದೊಣೆಯಲ್ಲಿ ಒಂದು ಕಪ್ಪೆಯ ಹೊರತು ಏನೂ ಇರಲಿಲ್ಲವಂತೆ. ನನಗೆ ಬಾಯಾರಿರುತ್ತದೆಂದು ಬುಡಕ್ಕಿಳಿದು ಚೊಂಬು ತುಂಬಿಕೊಂಡು ಹತ್ತುವಾಗ ದಾರಿಯಲ್ಲಿ ಎಡವಿ ಚೆಲ್ಲಿ, ಮತ್ತೆ ಇಳಿದು ತಂದಿದ್ದರು.

"ಈ ಬೆಟ್ಟ ಬೇಡ ಕಣೇ" ಎಂದರು. "ಒಂದು ಚೊಂಬು ನೀರಿಗೇ ನನ್ನ ಪ್ರಾಣ ಹೋಯ್ತು. ಆಲೂಗಡ್ಡೆ ಕುಡಿಯೋದು ಚೊಂಬಲ್ಲಲ್ಲ."

"ನನಗೆ ಬೇಕು" ಅಂದೆ.

ಚೊಂಬು ಅವರ ಕೈಯಿಂದ ಜಾರಿತು. ಉಳಿದಿದ್ದ ನೀರೂ ಹೋಯಿತು.

ಮರುದಿನ ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬರ ಮಾತು ಒಬ್ಬರು ಆಡಿಕೊಂಡು ಬಂದೆವು. ನಾನು ಮೆಟ್ಟಿಲು ಪಾತಿ ಕಟ್ಟುತ್ತಿದ್ದೆ, ಅವರು ನೀರು ಎಲ್ಲಿದೆ ಎನ್ನುತ್ತಿದ್ದರು. ನೆರಿಗೆ ಸೀರೆಯ ಲೆಕ್ಕವನ್ನೂ ಹೇಳಿದೆ. "ಅದ್ಯಾವ ತಲೆಕೆಟ್ಟವನು ಹೇಳಿದ್ದು?" ಎಂದು ಕೇಳಿ, ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡರು. ಶಿಡ್ಲಘಟ್ಟ ಬರುವ ಹೊತ್ತಿಗೆ ಸಹಿ ಹಾಕುವುದೆಂದು ನಾನು ಗಟ್ಟಿ ಮಾಡಿದ್ದೆ.

ಮನೆ ಬಾಗಿಲಲ್ಲಿ ಅತ್ತೆ ಬುಟ್ಟಿ ಹಿಡಿದುಕೊಂಡೇ ನಿಂತಿದ್ದರು. "ಹುಳು ಎದ್ದವೆ. ಕನಸು ಆಮೇಲೆ ಹೇಳು, ಮೊದಲು ಸೊಪ್ಪು."

ಕಾಲು ತೊಳೆದು ತಟ್ಟೆ ನೋಡಿದೆ. ಅಷ್ಟೂ ಹುಳು ಹೊಸ ಚರ್ಮದಲ್ಲಿ ತಲೆ ಎತ್ತಿ ಆ ಕಡೆ ಈ ಕಡೆ ಸೊಪ್ಪು ಹುಡುಕುತ್ತಿದ್ದವು. ನನ್ನ ಕನಸಿನ ಹುಳುವಿನ ಹಾಗೆ ಒಂದಾದರೂ ಹಸಿವಿಲ್ಲ ಅನ್ನಲಿಲ್ಲ. ಬುಟ್ಟಿ ಕಿತ್ತುಕೊಂಡು ತೋಟಕ್ಕೆ ಓಡಿದೆ. ಬಾವಿ ಪಕ್ಕದ ಸಾಲಿನಲ್ಲಿ ನೀರು ಇನ್ನೂ ನಿಂತಿತ್ತು. ಬುಟ್ಟಿ ತುಂಬಿ, ತಲೆಗೆತ್ತಿ, ಮನೆಗೆ ಬಂದು ಹರಡಿ, ಮತ್ತೆ ಓಡಿದೆ. ಇದೇ ಬುಟ್ಟಿಯನ್ನು ಆ ಮುಳ್ಳಿನ ದಾರಿಯಲ್ಲಿ ಹೊತ್ತು ಇಳಿಯುವುದನ್ನು ನೆನೆಸಿಕೊಂಡೆ. ಕನಸಿನಲ್ಲಿ ಕಂಡ ನೀರು ಈ ಬಾವಿಯದೇ. ಕಂಡ ಹಸಿರು ಈ ತೋಟದ್ದೇ. ಅಲ್ಲಿಯದೆಂದರೆ ನಿದ್ದೆ ಒಂದೇ.

ತಟ್ಟೆಗಳಲ್ಲಿ ಹಪ್ಪಳ ಮುರಿಯುವ ಸದ್ದು ಶುರುವಾದ ಮೇಲೆ ಅತ್ತೆ ಕೇಳಿದರು. "ಏನಾರ ಕಾಣ್ತಾ?"

"ನಮ್ಮ ತೋಟ ಕಾಣ್ತು" ಅಂದೆ.

"ಹಂಗಾದ್ರೆ ತೋಟಾನೇ ಇಟ್ಕೋ" ಎಂದು ಅತ್ತೆ ಕತ್ತಿ ಎತ್ತಿಕೊಂಡರು. ನಮ್ಮವರು ಒಳಗೆ ಹೋಗಿ ಅಂಗಾಲಿಗೆ ಹರಳೆಣ್ಣೆ ಹಚ್ಚಿಕೊಂಡರು. ಪಿಳ್ಳಪ್ಪನವರಿಗೆ ಮಾತ್ರ ಮಂಡಿ ನೋವು ಹೋಗಿ ತಲೆನೋವು ಬಂತು.

ಆದರೆ ನನಗೆ ನೆಲ ಕಂಡುಹಿಡಿಯುವ ಕನಸು ಬೀಳುತ್ತದೆಂದು ಹೇಗೋ ಊರಿಂದೂರಿಗೆ ಹಬ್ಬಿತು. ಆಮೇಲಿನ ವರ್ಷಗಳಲ್ಲಿ ಬೆಟ್ಟದ ಬೇಸಾಯದ ಆಸೆ ಹುಟ್ಟಿದ ನೆಂಟರೆಲ್ಲ ನನ್ನನ್ನು ಕರೆಯತೊಡಗಿದರು. ಚಿಂತಾಮಣಿ ಕಡೆ ಒಂದು ಗುಡ್ಡದ ಮೇಲೆ ಮಲಗಿ ಬಂದೆ. ಗೌರಿಬಿದನೂರು ಕಡೆ ಇನ್ನೊಂದು. ಎಲ್ಲರಿಗೂ ಇದ್ದದ್ದನ್ನೇ ಹೇಳಿದೆ: ನಿದ್ದೆಗೆ ಒಳ್ಳೆಯದು, ಬೆಳೆಗೆ ಆಗದು. ಯಾರೂ ಕರೆಯದ ವರ್ಷ ನಾನೇ ವಿಚಾರಿಸಿ, ಎಲ್ಲಿ ಬೆಟ್ಟ ಮಾರಾಟಕ್ಕಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಒಂದು ಸಲ ನಾಲ್ಕನೇ ಜ್ವರದ ಬೆಳಗ್ಗೆ ನಾನು ಚೀಲ ಕಟ್ಟುವಾಗ ನಮ್ಮವರು ಬಾಗಿಲಿಗೆ ಅಡ್ಡ ನಿಂತರು. "ಇನ್ನೂ ಎಷ್ಟು ಬೆಟ್ಟ ನೋಡ್ತೀಯೇ? ತಗೊಳೋದಂತೂ ಇಲ್ಲ."

"ನೆಲ ತಗೊಳೋದು ಅಂದ್ರೆ ಹುಡುಗಾಟನಾ? ಸರಿಯಾಗಿ ಮಲಗಿ ನೋಡಬೇಕಪ್ಪ" ಎಂದೆ. ಪ್ರತಿ ಸಲ ತಲೆಗಿಟ್ಟುಕೊಳ್ಳುತ್ತಿದ್ದ ಅವರ ಟವೆಲು ತೆಳ್ಳಗಾಗಿ ಕಲ್ಲು ಒತ್ತುತ್ತಿತ್ತು. ಅದನ್ನು ಅವರ ಹೆಗಲಿಗೆ ಹಾಕಿ, ಚೀಲಕ್ಕೆ ದಿಂಬು ತುರುಕಿಕೊಂಡು ಹೊರಟೆ.