ಸೀರೆಯ ಇನ್ನೊಂದು ತುದಿ

ನಮ್ಮ ದೊಡ್ಡವ್ವನ ಮನೆಗೆ ನೀವು ಎಂದಾದರೂ ಹೋಗುವುದಿದ್ದರೆ ಹಣ್ಣು, ಮಿಠಾಯಿ ಡಬ್ಬಿ ಏನನ್ನೂ ಒಯ್ಯಬೇಡಿ. ಎರಡೂ ಕೈ ಖಾಲಿ ಇಟ್ಟುಕೊಂಡು ಹೋಗಿ. ಒಯ್ದರೂ ಆಕೆ ಅದನ್ನು ಕಟ್ಟೆಯ ಮೇಲೆ ಇಡಿಸುತ್ತಾಳೆ. ನೀವು ಚಪ್ಪಲಿ ಬಿಡುವುದರೊಳಗೆ ಅರ್ಧ ಒಣಗಿದ ಸೀರೆಯ ಎರಡು ಮೂಲೆಗಳು ನಿಮ್ಮ ಕೈಗೆ ಬಂದಿರುತ್ತವೆ. "ಹಿಡೀರಿ. ಹಿಂದಕ್ಕ ಸರೀರಿ. ಇನ್ನಾ ಸರೀರಿ." ನೀವು ಯಾರು, ಯಾಕೆ ಬಂದಿರಿ ಎಂಬ ವಿಚಾರಣೆ ಆಮೇಲೆ. ತೇವದ ಸೀರೆ ಯಾರ ಸಲುವಾಗಿಯೂ ಕಾಯುವುದಿಲ್ಲವಲ್ಲ!

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ಸುರಪುರದಲ್ಲಿ ಗುಡ್ಡದ ಕಡೆಗೆ ಏರುವ ಒಂದು ಓಣಿಯಲ್ಲಿ ಆಕೆಯ ಮನೆ. ಅವರಿಗೆ ಮಕ್ಕಳಿಲ್ಲ. ನಾನು ಶಾಲೆ ಕಲಿತದ್ದು ಆ ಮನೆಯಲ್ಲೇ, ಬೈಸಿಕೊಂಡದ್ದೂ ಆ ಮನೆಯಲ್ಲೇ. ಆಕೆಯ ಬಳಿ ದಿನಬಳಕೆಗೆ ಇದ್ದದ್ದು ಎರಡೇ ಸೀರೆ, ಒಂದು ನೇರಳೆ ಬಣ್ಣದ್ದು, ಒಂದು ಹಸಿರು. ಎರಡೂ ಸಾದಾ ನೂಲಿನವು. ಹರಿದರೆ ಅದೇ ಬಣ್ಣದ್ದನ್ನೇ ಮತ್ತೆ ತರುತ್ತಿದ್ದಳು. ಹೀಗಾಗಿ ಓಣಿಯ ಜನ ಆಕೆ ಹುಟ್ಟಿದಾಗಿನಿಂದಲೂ ಅವೇ ಎರಡು ಸೀರೆ ಉಡುತ್ತಿದ್ದಾಳೆಂದು ನಂಬಿದ್ದರು. ಆದರೆ ಆ ಎರಡು ಸೀರೆಯಲ್ಲಿ ಆಕೆ ಹೊಸ್ತಿಲ ಮೇಲೆ ಬಂದು ನಿಂತರೆ, ರೇಷ್ಮೆ ಉಟ್ಟವರು ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ನಾನು ಯಾದಗಿರಿಯಲ್ಲಿ ಒಂದು ಕಚೇರಿಯ ಗುಮಾಸ್ತೆ. ಒಮ್ಮೆ ಕಡುಬೇಸಿಗೆಯ ಮಧ್ಯಾಹ್ನ ದೊಡ್ಡವ್ವ ನಮ್ಮ ಕಚೇರಿಗೆ ಬಂದಳು. ಸುರಪುರದಿಂದ ಶಹಾಪುರ, ಅಲ್ಲಿ ಬಸ್ಸು ಬದಲಿಸಿ ಯಾದಗಿರಿ. ಆ ಹೊತ್ತಿನ ಬಸ್ಸಿನಿಂದ ಜನ ಇಳಿಯುವುದಿಲ್ಲ, ಉದುರುತ್ತಾರೆ. ದೊಡ್ಡವ್ವ ಮಾತ್ರ ಇಳಿದಳು. ನಿರಿಗೆ ನಿರಿಗೆಯ ಜಾಗದಲ್ಲಿತ್ತು, ಸೆರಗು ಸೆರಗಿನ ಜಾಗದಲ್ಲಿತ್ತು, ಹಣೆಯ ಕುಂಕುಮ ಕೂಡ ಬೆಳಿಗ್ಗೆ ಇಟ್ಟಲ್ಲೇ ಇತ್ತು. ಕಚೇರಿಯ ಬಾಗಿಲಲ್ಲಿ ನಿಂತ ಸಾಲು ತಾನಾಗಿ ದಾರಿ ಬಿಟ್ಟಿತು. ನಮ್ಮ ಸಾಹೇಬರು ಎದ್ದೇ ನಿಂತರು!

"ಬರ್ರಿ ಮೇಡಂ, ಕುಂದರ್ರಿ. ಯಾವ ಇಲಾಖಿಯವ್ರು ತಾವು?"

"ಯಾವ ಇಲಾಖಿನೂ ಅಲ್ರೀ ಸಾಹೇಬ್ರ. ನಾ ಈಕಿ ದೊಡ್ಡವ್ವ. ರೊಟ್ಟಿ, ಪುಂಡಿಪಲ್ಯಾ ತಂದೀನಿ."

ಎದ್ದು ನಿಂತ ಮೇಲೆ ಸುಮ್ಮನೆ ಕೂರುವುದು ಹೇಗೆ? ಸಾಹೇಬರು ಒಂದು ರೊಟ್ಟಿ ತಿಂದು ಕೂತರು. ಅಂದು ನಾನು ಉಟ್ಟಿದ್ದು ಇಸ್ತ್ರಿ ಅಂಗಡಿಯಿಂದ ಬೆಳಿಗ್ಗೆಯಷ್ಟೇ ತಂದ ದುಬಾರಿ ಸೀರೆ. ಅದೇ ಸಾಹೇಬರು ಅದೇ ಮುಂಜಾನೆ ನನ್ನನ್ನು ನೋಡಿ, "ಯಾಕಮ್ಮಾ, ಆರಾಮಿಲ್ಲೇನು?" ಎಂದು ಕೇಳಿದ್ದರು.

ಇದರ ಗುಟ್ಟೇನು ಎಂದು ಯಾರಾದರೂ ಕೇಳಿದರೆ ದೊಡ್ಡವ್ವನದು ಒಂದೇ ಉತ್ತರ. "ಗುಟ್ಟೇನ್ ಬಂತ್ರೀ? ಉಟಗೋತೀನಿ, ಅಷ್ಟ." ಎಂಥ ಶುದ್ಧ ಸುಳ್ಳು! ಆ "ಅಷ್ಟ" ಎಂಬುದರ ಹಿಂದೆ ಎಷ್ಟು ಜನ ದುಡಿದಿದ್ದೇವೆ ಎಂಬುದು ನಮಗೆ ಗೊತ್ತು.

ಮೊದಲು ದುಡಿದವನು ದೊಡ್ಡಪ್ಪ. ಜೋಳದ ರೊಟ್ಟಿಯ ನಮ್ಮ ಸೀಮೆಯಲ್ಲಿ ಆ ಮನೆಯಲ್ಲಿ ಮಾತ್ರ ಮುಂಜಾನೆ ಅನ್ನ ಬೇಯುತ್ತಿತ್ತು. ಯಾಕೆಂದರೆ ಸೀರೆಗೆ ಗಂಜಿ ಬೇಕು. ಗಂಜಿಯೆಲ್ಲ ಸೀರೆಗೆ, ಬಸಿದುಳಿದ ಅಗಳು ದೊಡ್ಡಪ್ಪನಿಗೆ. ಗಂಜಿ ಹಾಕಿದ ಸೀರೆಯನ್ನು ನೆರಳಿನಲ್ಲಿ ಹರವಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಜಗ್ಗಬೇಕು. ಜಗ್ಗಿ, ಫಟ್ ಎಂದು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಮತ್ತೆ ಜಗ್ಗಬೇಕು. ಆಮೇಲೆ ಅದು ಗಾದಿಯ ಕೆಳಗೆ ಹೋಗುತ್ತದೆ. ರಾತ್ರಿ ಅದರ ಮೇಲೆ ಮಲಗುವವನು ದೊಡ್ಡಪ್ಪ. ಮಗ್ಗಲು ಬದಲಿಸುವಂತಿಲ್ಲ, ಮಡಿಕೆ ಕೆಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಪಾಪ, ಆತನಿಗೆ ಹಾಸಿಗೆ ಇದ್ದಷ್ಟೂ ಚಾಚುವ ಹಕ್ಕಿರಲಿಲ್ಲ.

ನಾನು ಮೊದಲ ಪಗಾರದಲ್ಲಿ ಆಕೆಗೊಂದು ಇಸ್ತ್ರಿಪೆಟ್ಟಿಗೆ ಕೊಂಡೊಯ್ದೆ. ದೊಡ್ಡವ್ವ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಬಹಳ ಚಲೋ ಐತಿ ಎಂದು ಹೊಗಳಿ, ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಳು. ಅದು ಈಗಲೂ ಅಲ್ಲೇ ಇದೆ.

ಇನ್ನು ಸೀರೆಯ ಇನ್ನೊಂದು ತುದಿ ಹಿಡಿಯುವವರ ಸುದ್ದಿ. ಖಾಯಂ ಆಗಿ ಹಿಡಿಯುತ್ತಿದ್ದವಳು ಎದುರು ಮನೆಯ ರಜಿಯಾ ಖಾಲಾ. ಆಕೆ ಊರಲ್ಲಿಲ್ಲದ ದಿನ ಬಂದವರೇ ಬಲಿ. ಸಿಲಿಂಡರ್ ತಂದವನು, ಮೀಟರ್ ನೋಡಲು ಬಂದವನು, ದಾರಿ ತಪ್ಪಿ ವಿಳಾಸ ಕೇಳಲು ಬಂದವನು, ಎಲ್ಲರೂ ಹಿಡಿದಿದ್ದಾರೆ. ಜಗ್ಗುವ ರೀತಿಯಲ್ಲಿ ಮನುಷ್ಯನ ಗುಣ ತಿಳಿಯುತ್ತದೆ ಎಂಬುದು ದೊಡ್ಡವ್ವನ ಗಟ್ಟಿ ನಂಬಿಕೆ. ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬ ಹಿಂಬಾಲಕರ ಸಮೇತ ಓಟು ಕೇಳಲು ಬಂದು ಕೈ ಮುಗಿದು ನಿಂತ. ದೊಡ್ಡವ್ವ ಆತನನ್ನು ಮೇಲಿಂದ ಕೆಳಗೆ ನೋಡಿದಳು.

"ಕೈ ಖಾಲಿನೇ ಅದಾವಲ್ಲ. ಹಿಡೀರಿ ಇದನ್ನ."

ಪಾಪ, ಆತ ಹಿಡಿದ. ಹಿಂಬಾಲಕರು ಗೋಡೆಗೆ ಅಂಟಿ ನಿಂತರು. ಅಷ್ಟರಲ್ಲಿ ಅಭ್ಯರ್ಥಿಗೆ ಅಭಿವೃದ್ಧಿ ನೆನಪಾಗಿ, ಮಾತಿನ ಭರದಲ್ಲಿ ಒಂದು ಕೈ ಮೇಲೆತ್ತಿದ. ಸೀರೆಯ ಮೂಲೆ ನೆಲಕ್ಕೆ ಬಿತ್ತು. ಆತ ಹೋದ ಮೇಲೆ ದೊಡ್ಡವ್ವ ಸೀರೆಯನ್ನು ಮತ್ತೆ ನೀರಿಗೆ ಹಾಕುತ್ತ, "ಒಂದ್ ಮೂಲಿ ಸಂಭಾಳಸಾಕ ಆಗಲಿಲ್ಲ, ಇವಾ ತಾಲೂಕ ಸಂಭಾಳಸ್ತಾನಂತ!" ಎಂದಳು. ಓಣಿಗೆಲ್ಲ ಕೇಳಿಸುವಂತೆಯೇ ಎಂದಳು.

ನನ್ನನ್ನು ನೋಡಲು ಬಂದ ವರನಿಗೂ ಇದೇ ಗತಿ ಆಯಿತು. ನಾನು ಒಳಗೆ ಚಹಾದ ಬಟ್ಟಲುಗಳನ್ನು ಜೋಡಿಸುತ್ತಿದ್ದೆ. ಹೊರಗೆ ಅಂಗಳದಲ್ಲಿ ವರಮಹಾಶಯ ಹಸಿರು ಸೀರೆಯ ತುದಿ ಹಿಡಿದು ಹಿಂದಕ್ಕೆ ಸರಿಯುತ್ತಿದ್ದ. ದೊಡ್ಡವ್ವ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ಹೂಂ ಅನ್ನು. ಹುಡುಗ ಸಡಲ ಬಿಡಂಗಿಲ್ಲ, ಹರಿಯೂ ಹಂಗ ಜಗ್ಗಂಗೂ ಇಲ್ಲ." ನಾನು ಹೂಂ ಅಂದೆ. ಆಕೆಯ ಪರೀಕ್ಷೆ ಸುಳ್ಳಾಗಿಲ್ಲ ಎಂದು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಇದನ್ನು ಮೊದಲು ಓದುವವನು ಆತನೇ.

ಹೀಗೆ ಊರಿಗೆ ಊರೇ ಹಿಡಿದ ಸೀರೆಯ ತುದಿಯನ್ನು ಹಿಡಿಯುವ ಹಕ್ಕಿಲ್ಲದ ಮನುಷ್ಯ ಒಬ್ಬನೇ ಇದ್ದ. ಅವನು ನಮ್ಮ ದೊಡ್ಡಪ್ಪ.

ಮದುವೆಯಾದ ಹೊಸದರಲ್ಲಿ ಹಿಡಿಯುತ್ತಿದ್ದನಂತೆ. ಆಗ ಆತ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ತಲೆಯಲ್ಲಿ, ಹುಬ್ಬಿನಲ್ಲಿ, ಮೀಸೆಯಲ್ಲಿ ಸದಾ ಅರಳೆ. ಕೆಲಸ ಬಿಟ್ಟು ವರ್ಷಗಳೇ ಆದರೂ ಈಗಲೂ ಆತನನ್ನು ನೋಡಿದರೆ ಎಲ್ಲೋ ಒಂದು ಎಳೆ ಅರಳೆ ಅಂಟಿದೆ ಎನಿಸುತ್ತದೆ. ಒಂದು ಮುಂಜಾನೆ ಇಬ್ಬರೂ ಅಂಗಳದಲ್ಲಿ ನಿಂತು ಜಗ್ಗುವಾಗ ಮಿಲ್ಲಿನ ಗೆಳೆಯನೊಬ್ಬ ಓಣಿಯಿಂದ ಕೂಗಿದ. ದೊಡ್ಡಪ್ಪ ಅತ್ತ ತಿರುಗಿ ಕೈ ಎತ್ತಿದ. ಎರಡೂ ಕೈ ಎತ್ತಿದ! ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗುತ್ತಿದ್ದ ಹೊಸ ಸೊಸೆ ಬಚ್ಚಲ ನೀರು ಹರಿಯುವ ರಾಡಿಯಲ್ಲಿ ಅಂಗಾತ ಬಿದ್ದಳು. ಓಣಿ ನಕ್ಕಿತು. ಅತ್ತೆ ನಕ್ಕಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ದೊಡ್ಡಪ್ಪನೂ ನಕ್ಕ.

ಅಂದಿನಿಂದ ಆತನಿಗೆ ಸೀರೆ ನಿಷಿದ್ಧ. ಗಂಜಿ ಬಸಿದ ಅನ್ನ ತಿನ್ನಬಹುದು, ಮಡಿಕೆಯ ಮೇಲೆ ಮಲಗಬಹುದು, ತುದಿ ಮುಟ್ಟುವಂತಿಲ್ಲ. ಯಾರೂ ಸಿಗದ ದಿನ ದೊಡ್ಡವ್ವ ಕಿಟಕಿಯ ಸರಳಿಗೆ ಸೀರೆಯ ತುದಿ ಕಟ್ಟಿ ಒಬ್ಬಳೇ ಜಗ್ಗುತ್ತಿದ್ದಳು. ಪಕ್ಕದ ಕಟ್ಟೆಯ ಮೇಲೆ ದೊಡ್ಡಪ್ಪ ಎರಡು ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ.

"ನಾ ಹಿಡೀಲೇನು?"

"ನೀವು ಕುಂದರ್ರಿ."

ನನ್ನ ಬಾಲ್ಯದ ಮುಂಜಾನೆಗಳೆಲ್ಲ ಈ ಎರಡು ಮಾತಿನಿಂದಲೇ ಶುರುವಾಗುತ್ತಿದ್ದವು. ಆತ ಕೇಳುವುದನ್ನು ಬಿಡಲಿಲ್ಲ, ಆಕೆ ಕೊಡಲಿಲ್ಲ. ಸಿಟ್ಟು ಎಂದೋ ಹೋಗಿತ್ತು. ಆದರೆ ಆ ಮಾತು ಉಳಿದುಬಿಟ್ಟಿತ್ತು.

ಹೋದ ವರ್ಷ ದೊಡ್ಡವ್ವನಿಗೆ ಲಕ್ವಾ ಹೊಡೆಯಿತು. ಕಲಬುರಗಿಯ ಆಸ್ಪತ್ರೆಯಿಂದ ಮರಳಿ ಬಂದಾಗ ಕಾಲು ಎಳೆದುಕೊಂಡು ನಡೆಯುತ್ತಿದ್ದಳು, ಬಲಗೈ ಮಾತ್ರ ತನ್ನದಲ್ಲ ಎಂಬಂತೆ ಜೋತಾಡುತ್ತಿತ್ತು. ಆ ಕೈಗೆ ದಿನವೂ ಕೆಲಸ ಕೊಡಬೇಕು, ಹೊರಗೆ ಓಡಾಡಿಸಬೇಕು, ಈಗ ಬಿಟ್ಟರೆ ಮುಂದೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ದೊಡ್ಡವ್ವ ಅದನ್ನು ಮಂಚದ ಕೆಳಗೆ ಉರುಳಿಸಿದಳು. ಹೊರಗೆ ಬರುವುದಂತೂ ದೂರವೇ ಉಳಿಯಿತು.

ಯಾಕೆಂದರೆ ಆಕೆಗೆ ಸೀರೆ ಉಡಲು ಆಗುತ್ತಿರಲಿಲ್ಲ. ಅನುಕೂಲವಾಗಲಿ ಎಂದು ನಾನು ನೈಟಿಗಳನ್ನು ತಂದುಕೊಟ್ಟೆ. ತೊಟ್ಟಳು, ಬೇರೆ ದಾರಿ ಇರಲಿಲ್ಲ. ತೊಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಯಾರಾದರೂ ಮಾತಾಡಿಸಲು ಬಂದರೆ, "ಒಳಗ ಬರಬ್ಯಾಡ ಅನ್ನು, ಮಲಗ್ಯಾಳ ಅನ್ನು" ಎನ್ನುತ್ತಿದ್ದಳು. ಅಂಗಳಕ್ಕೆ ಕಾಲಿಟ್ಟವರನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದ ಹೆಂಗಸು! ರಜಿಯಾ ಖಾಲಾಳನ್ನು ಕೂಡ ಬಾಗಿಲಿಂದಲೇ ಕಳಿಸಿದಳು. ಖಾಲಾ ಕಟ್ಟೆಯ ಮೇಲೆ ಕೂತು ಅತ್ತಳು. "ನನ್ ಮುಂದ ಏನ್ ಶರಂ ಅಕ್ಕಾಗ?"

ಪ್ರತಿ ಭಾನುವಾರ ನಾನು ಹೋಗಿ ಆಕೆಗೆ ಸೀರೆ ಉಡಿಸಲು ನೋಡುತ್ತಿದ್ದೆ. ಒಂದು ಸಲ ಕನ್ನಡಿ ಹಿಡಿದೆ. ದೊಡ್ಡವ್ವ ಬಹಳ ಹೊತ್ತು ನೋಡಿದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು.

"ಜ್ವಾಳದ ಚೀಲ ಕಟ್ಟಿದಂಗ ಕಟ್ಟೀದಿ."

ನಾನು ನಕ್ಕೆ. ಆಕೆ ನಗಲಿಲ್ಲ. "ಬಿಚ್ಚು. ಹಿಂಗ ಮಂದಿ ಮುಂದ ಹೋಗೂದಕ್ಕಿಂತ ಒಳಗ ಇರತೀನಿ" ಎಂದಳು. ನನಗೆ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ದೊಡ್ಡವ್ವ ಆ ಗೋಡೆ ನೋಡುತ್ತಲೇ ಮುಗಿದುಹೋಗುತ್ತಾಳೆ ಎಂಬುದು ನನಗೂ ದೊಡ್ಡಪ್ಪನಿಗೂ ಗೊತ್ತಿತ್ತು.

ಮುಂದಿನ ಭಾನುವಾರ ಹೋದಾಗ ಮನೆಯ ತುಂಬ ಅನ್ನ ಸೀದ ವಾಸನೆ. ದೊಡ್ಡಪ್ಪ ಅಂಗಳದಲ್ಲಿದ್ದ. ನೇರಳೆ ಸೀರೆಯನ್ನು ತಾನೇ ಒಗೆದು, ತಾನೇ ಗಂಜಿ ಕಾಯಿಸಿ ಹಾಕಿದ್ದ. ಅದೆಂಥ ಗಂಜಿಯೋ! ಸೀರೆಯ ಮೈತುಂಬ ಅಗಳು ಅಂಟಿದ್ದವು. ಆತ ಒಳಗೆ ಹೋಗಿ ದೊಡ್ಡವ್ವನನ್ನು ತೋಳು ಹಿಡಿದು ಎಬ್ಬಿಸಿ, ನೈಟಿಯ ಮೇಲೆ ಟವೆಲ್ಲು ಹೊದಿಸಿ, ಅಂಗಳಕ್ಕೆ ಕರೆತಂದು ಕಂಬಕ್ಕೆ ಒರಗಿಸಿ ನಿಲ್ಲಿಸಿದ. ಆಕೆ ಬೇಡ ಬೇಡ ಎನ್ನುತ್ತಲೇ ಬಂದಳು. ಸೀರೆಯ ಒಂದು ಮೂಲೆಯನ್ನು ಆ ಸತ್ತ ಕೈಗೆ ಕೊಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದ. ಇನ್ನೊಂದು ಮೂಲೆ ಎಡಗೈಗೆ ಕೊಟ್ಟ.

"ನೀ ಹಿಡಿ. ಈ ಕಡೆ ನಾ ಹಿಡೀತೀನಿ."

ದೊಡ್ಡವ್ವ ಆತನನ್ನೇ ನೋಡಿದಳು. "ನೀವು ಬಿಡ್ತೀರಿ."

"ಬಿಡಂಗಿಲ್ಲ."

ಆತ ಹಿಂದಕ್ಕೆ ಸರಿದ. ಸೀರೆ ನಡುವೆ ಜೋತಿತ್ತು. ಮೆಲ್ಲಗೆ ಜಗ್ಗಿದ. ದೊಡ್ಡವ್ವನ ಬಲಗೈಯಿಂದ ಮೂಲೆ ಜಾರಿತು, ಆ ಎಳೆತಕ್ಕೆ ಎಡಗೈಯಿಂದಲೂ ಜಾರಿತು. ದೊಡ್ಡಪ್ಪ ಆಯತಪ್ಪಿ ಅದೇ ಬಚ್ಚಲ ರಾಡಿಯಲ್ಲಿ ಕೂತುಬಿಟ್ಟ. ನಾನು ಓಡಿದೆ. ಎದುರು ಬಾಗಿಲಿನಿಂದ ಖಾಲಾ, "ಯಾ ಅಲ್ಲಾ!" ಎನ್ನುತ್ತ ಬಂದಳು. ಯಾರೂ ನಗಲಿಲ್ಲ. ದೊಡ್ಡವ್ವನ ಕಣ್ಣು ತುಂಬಿದವು.

"ನಾನೂ ಬಿಟ್ಟೆನಲ್ರೀ" ಎಂದಳು.

ದೊಡ್ಡಪ್ಪ ನನ್ನ ಕೈ ಹಿಡಿದು ಎದ್ದ. ಧೋತರವೆಲ್ಲ ರಾಡಿ. ಅದನ್ನು ಕೊಡವಿಕೊಳ್ಳಲಿಲ್ಲ. ಸೀದಾ ಹೋಗಿ ಬಿದ್ದ ತುದಿ ಎತ್ತಿ, ಆ ಬೆರಳುಗಳನ್ನು ಮತ್ತೆ ಒಂದೊಂದಾಗಿ ಮಡಚಿದ.

"ಮತ್ತ ಹಿಡಿ."

ಹಿಡಿದಳು. ಅಷ್ಟರಲ್ಲಿ ಓಣಿಯ ಕೆಳಗಿನಿಂದ ಯಾರೋ ದೊಡ್ಡಪ್ಪನನ್ನು ಜೋರಾಗಿ ಕೂಗಿದರು. ದೊಡ್ಡಪ್ಪ ತಲೆ ಎತ್ತಲಿಲ್ಲ. ಮತ್ತೆ ಕೂಗಿದರು.

"ಯಾರೋ ಕರಿಯಾಕತ್ತಾರ ನೋಡ್ರಿ" ಎಂದಳು ದೊಡ್ಡವ್ವ.

"ಕರೀಲಿ. ನೀ ಹಿಡಿ."

ಆಕೆಯ ಬಲಗೈಯ ನರಗಳು ಎದ್ದು ಕಂಡವು. ಸೀರೆ ಸ್ವಲ್ಪ, ಬಹಳ ಸ್ವಲ್ಪ, ಬಿಗಿಯಾಯಿತು.

ಅಂದು ಖಾಲಾ ಮತ್ತು ನಾನು ಸೇರಿ ಆಕೆಗೆ ಆ ಸೀರೆ ಉಡಿಸಿದೆವು. ಮೈತುಂಬ ಸುಕ್ಕು, ಸೆರಗಿನಲ್ಲಿ ಒಣಗಿದ ಅಗಳು. ದೊಡ್ಡವ್ವ ಅದನ್ನೇ ಉಟ್ಟು ಕಟ್ಟೆಯ ಮೇಲೆ ಬಂದು ಕೂತಳು. ಓಣಿಯಲ್ಲಿ ಹೋಗುತ್ತಿದ್ದವರು ನಿಂತು ಮಾತಾಡಿಸಿದರು. ಒಬ್ಬ ಹೆಂಗಸು ಹೋಗುವ ಮೊದಲು ತನ್ನ ಸೆರಗು ಸರಿಮಾಡಿಕೊಂಡಳು. ಅದನ್ನು ನಾನು ನೋಡಿದೆ.

ಈಗಲೂ ಭಾನುವಾರ ಹೋಗುತ್ತೇನೆ. ಬಲಗೈ ಪೂರ್ತಿ ಬಂದಿಲ್ಲ, ಬರುತ್ತಿದೆ. ಮೊನ್ನೆ ಹೋದಾಗ ಇಬ್ಬರೂ ಅಂಗಳದಲ್ಲಿದ್ದರು, ನಡುವೆ ಹಸಿರು ಸೀರೆ. ನಾನು ರೂಢಿಯಂತೆ ಚೀಲವನ್ನು ಕಟ್ಟೆಯ ಮೇಲಿಟ್ಟು, ಕೈ ಒರೆಸಿಕೊಂಡು ಮುಂದೆ ಹೋದೆ.

"ತಾ ದೊಡ್ಡಪ್ಪ, ನಾ ಹಿಡೀತೀನಿ."

ದೊಡ್ಡವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನೀ ಕುಂದರು," ಎಂದಳು. "ಅವರು ಹಿಡದಾರ."